ಚಪಡನ ಒಂದು ಪದ

ದಾವಣಗೆರೆ

ಚಿರಂಜೀವಿಗೆ ಆಶೀರ್ವಾದಗಳು.

ನಮ್ಮ ಸೀಮೆಯಲ್ಲಿ ಹೆಚ್ಚು ಜನರಿಗೆ ತಿಳಿಯದೆ ಉಳಿದವರ ಕುರಿತು ನೀನು ಬರೆದು ಕಳಿಸಿದ ಕಿರುಪರಿಚಯಗಳನ್ನು ಎರಡು ಸಲ ಓದಿದೆ. ಇಂಥವರನ್ನು ಹುಡುಕಿಕೊಂಡು ಹೊರಟ ನಿನ್ನ ಮನಸ್ಸು ಕಂಡು ಸಂತೋಷವಾಯಿತು. ಆದರೆ ಬಹುಪಾಲು ಬರಹಗಳು 'ಬಡತನದಲ್ಲಿ ಹುಟ್ಟಿ, ಛಲದಿಂದ ಬೆಳೆದು, ನಾಡಿಗೆ ಕೀರ್ತಿ ತಂದರು' ಎಂಬ ಒಂದೇ ಧಾಟಿಯಲ್ಲಿ ಸಾಗುತ್ತವೆ. ದಂಡನಾಯಕನ ಹೆಸರು ತೆಗೆದು ಮೇಷ್ಟರ ಹೆಸರು ಸೇರಿಸಿದರೂ ವಾಕ್ಯಕ್ಕೆ ಯಾವ ಬಾಧೆಯೂ ಆಗುವುದಿಲ್ಲ. ಆ ಒಬ್ಬರಿಗೆ ಮಾತ್ರ ಸಲ್ಲುವ ಒಂದು ಸಂಗತಿಯಾದರೂ ಕೈಗೆ ಸಿಗುವವರೆಗೆ ಬರೆಯಲು ಕೂರಬೇಡ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಸುತ್ತಲಿನ ಜನ ಅಕ್ಷರಗುಂಡು ಎಂದು ಕರೆಯುವ ಬಂಡೆಯಿದೆ. ಅದರ ಮೇಲಿರುವುದು ಅಶೋಕನ ಶಾಸನವೆಂದು 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಗುರುತಿಸಿದರು. ಚಕ್ರವರ್ತಿಯ ಮಾತು ಎಲ್ಲ ಪುಸ್ತಕಗಳಲ್ಲೂ ಸಿಗುತ್ತದೆ. ನೀನು ಕೊನೆಯ ಸಾಲಿನ ಮುಂದೆ ನಿಲ್ಲು. ಬರೆದವನು ಅಲ್ಲಿ ತನ್ನ ಹೆಸರು ಚಪಡ ಎಂದು ತಿಳಿಸಿದ್ದಾನೆ. ಶಾಸನವೆಲ್ಲ ಎಡದಿಂದ ಬಲಕ್ಕೆ ಓದುವ ಬ್ರಾಹ್ಮಿಯಲ್ಲಿರುವಾಗ, 'ಲಿಪಿಕರೇಣ', ಅಂದರೆ ಲಿಪಿಕಾರನಿಂದ, ಎಂಬ ಒಂದೇ ಒಂದು ಪದವನ್ನು ಬಲದಿಂದ ಎಡಕ್ಕೆ ಓದುವ ಖರೋಷ್ಠಿಯಲ್ಲಿ ಬರೆದಿದ್ದಾನೆ. ಹತ್ತಿರದ ಸಿದ್ದಾಪುರ, ಜಟಿಂಗ ರಾಮೇಶ್ವರದ ಶಾಸನಗಳಲ್ಲೂ ಅವನ ಹೆಸರಿದೆ. ಖರೋಷ್ಠಿ ದೂರದ ವಾಯವ್ಯ ಗಡಿಯ ಗಾಂಧಾರದ ಕಡೆಯ ಲಿಪಿಯಾದ್ದರಿಂದ ಅವನು ಆ ಸೀಮೆಯವನೋ, ಅಲ್ಲಿ ಅಕ್ಷರ ಕಲಿತವನೋ ಆಗಿರಬಹುದು. ಈ 'ಇರಬಹುದು' ಎಂಬುದನ್ನು ಮಾತ್ರ ಎಂದಿಗೂ ಅಳಿಸಬೇಡ. ಅವನಿಗೆ ಊರು, ಮನೆ, ತಾಯಿತಂದೆಯರನ್ನು ನೀನು ಕಲ್ಪಿಸಿ ಕೊಟ್ಟರೆ, ಅವನೇ ತನ್ನ ಕೈಯಾರೆ ಬಿಟ್ಟುಹೋದ ಆ ಪದ ಮಂಕಾಗುತ್ತದೆ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಬರೆಯಲು ತೊಡಗಿದ ಹೊಸತರಲ್ಲಿ ನಾನು ಕೆರೆಯ ನೀರನ್ನು ಹೊಲಗಳಿಗೆ ಹಂಚುವ ಒಬ್ಬ ಹಿರಿಯ ನೀರಗಂಟಿಯವರ ಪರಿಚಯ ಬರೆದಾಗ ಅವರು ಹುಟ್ಟಿದ ವರ್ಷ ಸಿಗದೆ ಅಂದಾಜಿನ ಮೇಲೆ ಒಂದನ್ನು ಹಾಕಿದ್ದೆ. ಕೆಲವು ವರ್ಷಗಳ ನಂತರ ಅವರ ಹೊಲಕ್ಕೆ ಹೋದರೆ ಸಮಾಧಿಯ ಕಲ್ಲಿನ ಮೇಲೆ ಅದೇ ವರ್ಷವನ್ನು ಕೆತ್ತಿಸಿದ್ದರು. ಅಚ್ಚಾದದ್ದನ್ನು ಮನೆಯವರು ನಂಬಿದ್ದರು. ಆ ಕಲ್ಲು ಇಂದಿಗೂ ಹಾಗೆಯೇ ಇದೆ.

ಓಬವ್ವನ ಗಂಡ ಕಹಳೆ ಮುದ್ದಹನುಮನ ಬರಹದಲ್ಲಿ ಜನ ಹೇಳಿಕೊಂಡು ಬಂದದ್ದನ್ನು ಜನರ ಮಾತೆಂದೇ ಸ್ಪಷ್ಟವಾಗಿ ಬರೆ. ಅದರಿಂದ ಅವನ ಗೌರವ ಕುಂದದು. ಹೊಯ್ಸಳರ ಪೋಲಾಳ್ವ ದಂಡನಾಯಕನಿಗೆ 1224ರಲ್ಲಿ ಹರಿಹರೇಶ್ವರ ದೇವಾಲಯವನ್ನು ಕಟ್ಟಿಸಿದ ಸಂಗತಿಯೇ ಸಾಕು, ಹೊಯ್ಸಳರ ವಂಶಾವಳಿ ಬೇಡ.

ತಳುಕಿನ ವೆಂಕಣ್ಣಯ್ಯನವರ ಬರಹವನ್ನು ಮಾತ್ರ ಮೊದಲಿನಿಂದ ಬರೆಯಬೇಕು. ಕುವೆಂಪು ಅವರ ಗುರುಗಳು ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀಯೆ. ಮೇಷ್ಟರು ತೀರಿಕೊಂಡದ್ದು 1939ರಲ್ಲಿ. ಹತ್ತು ವರ್ಷಗಳ ಬಳಿಕ, 1949ರಲ್ಲಿ, ಬೆಳಕು ಕಾಣತೊಡಗಿದ 'ಶ್ರೀ ರಾಮಾಯಣ ದರ್ಶನಂ' ಮಹಾಕಾವ್ಯವನ್ನು ಶಿಷ್ಯ ಅವರಿಗೇ ಅರ್ಪಿಸಿದರು. ಪುಟ ತಿರುವಿ ನೋಡಲು ಗುರು ಇರಲಿಲ್ಲ. ಆ ಅರ್ಪಣೆಯಿಂದ ಆರಂಭಿಸಿ ಚಳ್ಳಕೆರೆ ಸೀಮೆಯ ಆ ಊರಿಗೆ ಹಿಂದಿರುಗಿ ಹೋಗು.

ಯುಗಾದಿಯೊಳಗೆ ಬರೆದು ಮುಗಿಸಿದರೆ ನನಗೆ ಕಳಿಸು. ಅಂಚಿನಲ್ಲಿ ತಿದ್ದಲು ಜಾಗ ಬಿಟ್ಟಿರು.

ನಿನ್ನ ಹಿತೈಷಿ