ಎಡಕ್ಕೆ ತಿರುಗುವ ಗಾಡಿ, ಬಲಕ್ಕೆ ಬಡಿಯುವ ಪೆಟ್ಟು

ಮಾನ್ಯ ಸಂಪಾದಕರೇ,

ಹೊಸೂರು ಸುತ್ತಮುತ್ತಲ ಗೋಡೌನ್‌ಗಳಲ್ಲಿ 14 ವರ್ಷದಿಂದ ಫೋರ್ಕ್‌ಲಿಫ್ಟ್ (ಮುಂದಿರುವ ಎರಡು ಕಬ್ಬಿಣದ ಫೋರ್ಕಿನಿಂದ ಸರಕು ಎತ್ತಿ ಸಾಗಿಸುವ ಗಾಡಿ) ಓಡಿಸುತ್ತಿದ್ದೇನೆ. ಊರು ತಳಿ ಕಡೆ, ಮನೆಮಾತು ಕನ್ನಡ. ಗೋಡೌನ್‌ನಲ್ಲಿ ಯಾರಿಗಾದರೂ ಗಾಡಿ ಬಡಿದರೆ 'ಚಾಲಕನ ಅಜಾಗರೂಕತೆ' ಎಂದು ಬರೆದು ಕಡತ ಮುಚ್ಚುವುದನ್ನು ಕಂಡು ಈ ಪತ್ರ.

ಹತ್ತು ವರ್ಷದ ಹಿಂದೆ ನನ್ನ ಗಾಡಿಯೇ ಒಬ್ಬ ಲೋಡಿಂಗ್ ಹುಡುಗನ ಮೊಣಕಾಲನ್ನು ರ್‍ಯಾಕಿನ ಕಂಬಕ್ಕೆ ಒತ್ತಿಬಿಟ್ಟಿತು. ಅವನು ಕೆಲಸಕ್ಕೆ ಸೇರಿ ಮೂರನೇ ದಿನ. ನಾನು ಎಡಗಡೆ ಸಾಲಿಗೆ ತಿರುಗಿಸುತ್ತಿದ್ದೆ, ಕಣ್ಣು ಫೋರ್ಕಿನ ತುದಿಯ ಮೇಲಿತ್ತು. ತಪ್ಪು ನನ್ನದೇ, ಹಿಂದೆ ನೋಡಬೇಕಿತ್ತು. ಆದರೆ ಆಸ್ಪತ್ರೆಯಲ್ಲಿ ಅವನು ಹೇಳಿದ್ದು ಬೇರೆ: "ಅಣ್ಣಾ, ನೀನು ಎಡಕ್ಕೆ ತಿರುಗಿಸಿದ್ದು ನೋಡೇ ನಾನು ಬಲಕ್ಕೆ ಸರಿದೆ."

ಟ್ರ್ಯಾಕ್ಟರ್, ಲಾರಿ ನೋಡಿ ಬೆಳೆದವರೆಲ್ಲ ಹಾಗೇ ಸರಿಯುತ್ತಾರೆ. ಲಾರಿ ತಿರುಗಿದರೆ ಹಿಂದಿನ ಗಾಲಿ ತಿರುವಿನ ಒಳಮಗ್ಗುಲಿಗೆ ಬರುತ್ತದೆ, ಹೊರಮಗ್ಗುಲಲ್ಲಿ ನಿಂತವನು ಸಾಮಾನ್ಯವಾಗಿ ಬಚಾವು. ಫೋರ್ಕ್‌ಲಿಫ್ಟ್‌ನಲ್ಲಿ ಸ್ಟೀರಿಂಗ್ ಇರುವುದು ಹಿಂದಿನ ಗಾಲಿಗೆ. ಮುಂದಿನ ಗಾಲಿ ಇದ್ದಲ್ಲೇ ಸುತ್ತಿದಂತೆ ಇರುತ್ತದೆ, ಹಿಂಬದಿ ಹೊರಕ್ಕೆ ಬೀಸುತ್ತದೆ. ಅಲ್ಲಿರುವುದು ಕೌಂಟರ್‌ವೇಟ್, ಮುಂದಿನ ಲೋಡಿಗೆ ಸಮತೂಕ ಕೊಡುವ ಎರಕದ ಕಬ್ಬಿಣದ ಗಟ್ಟಿ. 2.5 ಟನ್ ಎತ್ತುವ ಗಾಡಿಯ ಸ್ವಂತ ತೂಕ ಸುಮಾರು 4 ಟನ್. ನಡೆಯುವ ವೇಗದಲ್ಲಿ ತಾಗಿದರೂ ಮೂಳೆ ಉಳಿಯುವುದಿಲ್ಲ.

ಗಾಡಿ ಮಗುಚುವುದೂ ಹೆಚ್ಚಾಗಿ ತಿರುವಿನಲ್ಲೇ. ನಾಲ್ಕು ಗಾಲಿ ಕಂಡರೂ ಹಿಂದಿನ ಆಕ್ಸಲ್ ನಡುವೆ ಒಂದೇ ಕೀಲಿನ ಮೇಲೆ ಕೂತಿರುವುದರಿಂದ ಗಾಡಿ ನಿಂತಿರುವುದು ಮೂರು ಕಾಲಿನ ಸ್ಟೂಲಿನ ಹಾಗೆ. ಲೋಡನ್ನು ಎತ್ತರಕ್ಕೆ ಎತ್ತಿಟ್ಟು ತಿರುಗಿಸಿದರೆ ಪಕ್ಕಕ್ಕೆ ಉರುಳಬಹುದು. ಖಾಲಿ ಗಾಡಿಯೂ ಜೋರಾಗಿ ತಿರುಗಿಸಿದರೆ ಉರುಳಬಹುದು, ಇದನ್ನು ಹಳಬರೂ ನಂಬುವುದಿಲ್ಲ. ಉರುಳುವಾಗ ಹೊರಗೆ ಹಾರಿದ ಚಾಲಕನ ಮೇಲೆ ಗಾಡಿಯ ಮೇಲ್ಗಡೆಯ ಚೌಕಟ್ಟೇ ಬೀಳಬಹುದು. ಬೆಲ್ಟ್ ಹಾಕಿಕೊಂಡು, ಸ್ಟೀರಿಂಗ್ ಹಿಡಿದು ಒಳಗೇ ಕೂತವನು ಬದುಕುವ ಸಾಧ್ಯತೆ ಹೆಚ್ಚು.

ಇದೆಲ್ಲ ಆಪರೇಟರ್‌ಗೆ ತರಬೇತಿಯಲ್ಲಿ ಹೇಳುತ್ತಾರೆ. ಪೆಟ್ಟು ತಿನ್ನುವ ಲೋಡಿಂಗ್‌ನವರಿಗೆ ಯಾರು ಹೇಳುತ್ತಾರೆ? ಅವರು ಬೆಳಗ್ಗೆ ಕಂಟ್ರಾಕ್ಟರ್ ವ್ಯಾನಿನಲ್ಲಿ ಬಂದು ಇಳಿಯುತ್ತಾರೆ, ಒಂಬತ್ತು ಗಂಟೆಗೆ ರ್‍ಯಾಕಿನ ಸಾಲಿನೊಳಗೆ. ನಾನು ಈಗಿರುವ ಕಡೆ ಎಚ್ಚರಿಕೆ ಬೋರ್ಡು ತಮಿಳು, ಇಂಗ್ಲಿಷಿನಲ್ಲಿದೆ. ಒಳಗಿರುವವರಲ್ಲಿ ಅರ್ಧ ಜನ ಕನ್ನಡ, ತೆಲುಗು, ಒಡಿಯಾ ಮಾತಾಡುವವರು. ಹಾರ್ನ್ ಎಂದರೆ, ಆರು ಗಾಡಿ ಒಟ್ಟಿಗೆ ಹೊಡೆಯುವಾಗ ಯಾರದ್ದು ಯಾರಿಗೆ ತಿಳಿಯಬೇಕು? ಗಾಡಿ ಬರುತ್ತಿದೆ ಎಂದು ತೋರಿಸಲು ನೆಲದ ಮೇಲೆ ಬೀಳುವ ನೀಲಿ ಲೈಟು ಒಳ್ಳೆಯದೇ, ಆದರೆ ಲಾರಿಗೆ ಸರಕು ತುಂಬುವ ಡಾಕ್ ಬಾಗಿಲ ಬಿಸಿಲಿನಲ್ಲಿ ಅದು ಕಾಣುವುದೇ ಇಲ್ಲ. ಮೂಲೆಗೊಂದು ಉಬ್ಬುಗನ್ನಡಿ, ಗಾಡಿ ಒಳಗಿರುವಷ್ಟು ಹೊತ್ತು ಆ ಸಾಲಿಗೆ ಜನ ಹೋಗದ ಹಾಗೆ ಒಂದು ಸರಪಳಿ, ಇಷ್ಟಕ್ಕೆ ದೊಡ್ಡ ಖರ್ಚೇನೂ ಇಲ್ಲ. ಲಾರಿ ಹತ್ತು ನಿಮಿಷ ತಡವಾಗಿ ಹೊರಡುತ್ತದೆ ಅಷ್ಟೆ, ಸೂಪರ್‌ವೈಸರ್ ಕೂಗಾಡುವುದು ಆ ಹತ್ತು ನಿಮಿಷಕ್ಕೇ.

ನಾನು ಮಾಡುವುದು ಇಷ್ಟು. ಹೊಸಬರು ಬಂದ ದಿನ ಅವರನ್ನೆಲ್ಲ ದೂರ ನಿಲ್ಲಿಸಿ, ಗಾಡಿಯ ಹಿಂದಿನ ಬಲಮೂಲೆ ಹತ್ತಿರ ಒಂದು ಖಾಲಿ ರಟ್ಟಿನ ಡಬ್ಬ ಇಡುತ್ತೇನೆ. "ಎಡಕ್ಕೆ ತಿರುಗಿಸ್ತೀನಿ, ಡಬ್ಬಕ್ಕೆ ತಾಗುತ್ತಾ?" ಎಂದು ಕೇಳಿದರೆ ಎಲ್ಲರೂ ಇಲ್ಲ ಎನ್ನುತ್ತಾರೆ. ಸ್ಟೀರಿಂಗ್ ಪೂರ್ತಿ ತಿರುಗಿಸಿ ಮೆಲ್ಲಗೆ ಬಿಟ್ಟರೆ ಡಬ್ಬ ಅಪ್ಪಚ್ಚಿ. ಎರಡು ನಿಮಿಷದ ಕೆಲಸ, ಯಾವ ಭಾಷೆಯೂ ಬೇಕಿಲ್ಲ. ಸುರಕ್ಷತೆ ಪರಿಶೀಲನೆಗೆ ಬರುವ ಅಧಿಕಾರಿಗಳು ನನ್ನ ಸರ್ಟಿಫಿಕೇಟ್ ಕೇಳಲಿ, ಬೇಡ ಎನ್ನುವುದಿಲ್ಲ. ಜೊತೆಗೆ ಅಂದು ಬೆಳಗ್ಗೆ ವ್ಯಾನಿನಿಂದ ಇಳಿದ ಒಬ್ಬ ಹುಡುಗನನ್ನು ಕರೆದು, ಗಾಡಿ ಎಡಕ್ಕೆ ತಿರುಗಿದರೆ ನೀನು ಎಲ್ಲಿ ನಿಲ್ಲುತ್ತೀಯ ಎಂದೂ ಕೇಳಲಿ.

— ಒಬ್ಬ ಫೋರ್ಕ್‌ಲಿಫ್ಟ್ ಆಪರೇಟರ್, ತಳಿ, ಕೃಷ್ಣಗಿರಿ ಜಿಲ್ಲೆ
(ಕೆಲಸದ ಕಾರಣ ಹೆಸರು ಹಾಕಬಾರದಾಗಿ ಕೋರಿಕೆ)