ಪುಸ್ತಕ ಹೋಗಿ ಬರಲಿ: ಮಗಳಿಗೊಂದು ಪತ್ರ

ಧಾರವಾಡ,
ನವೆಂಬರ್ 24

ಪ್ರೀತಿಯ ಮಗಳೇ,

ದಿನವೂ ಫೋನ್ ಮಾಡುವವಳು ಈಗ ಕಾಗದವನ್ನೇಕೆ ಬರೆಯುತ್ತಿದ್ದಾಳೆ ಎಂದು ನಿನಗೆ ಅನ್ನಿಸಬಹುದು. ಊಟವಾಯಿತೇ, ಮಳೆ ನಿಂತಿತೇ, ಇಂಟರ್ನಲ್ಸ್ ಅಂಕಗಳನ್ನು ಹಾಕಿದರೇ ಎಂಬಲ್ಲಿಗೆ ಫೋನಿನ ಮಾತು ಮುಗಿದುಹೋಗುತ್ತದೆ. ಅದರಾಚೆಗೆ ಏನಾದರೂ ಕೇಳಹೊರಟರೆ ನೀನು ಮೆಸ್ಸಿಗೆ ಹೊತ್ತಾಯಿತು ಎನ್ನುತ್ತೀಯೆ, ನಾನು ಒಲೆಯ ಮೇಲೆ ಹಾಲಿದೆ ಎನ್ನುತ್ತೇನೆ.

ವಿಷಯಕ್ಕೆ ಬರುತ್ತೇನೆ. ಕಳೆದ ಭಾನುವಾರ ಸಂಜೆ ಫೋನಿನಲ್ಲಿ, ಬೆಳಿಗ್ಗೆ ಮಂಗಳೂರಿನ ಬಲ್ಮಠದ ಚರ್ಚಿನ ಆರಾಧನೆಗೆ ಹೋಗಿಬಂದೆನೆಂದು ನೀನು ಹೇಳಿದೆ. ಬುಧವಾರ ಆರ್ಗ್ಯಾನಿಕ್ ಕೆಮಿಸ್ಟ್ರಿಯ ಮಾತು ಬಂದಾಗ, ಅದೇ ಭಾನುವಾರ ಬೆಳಿಗ್ಗೆ ಏಳರಿಂದ ಮಧ್ಯಾಹ್ನದ ಊಟದವರೆಗೂ ರೀಡಿಂಗ್ ರೂಮಿನಿಂದ ಎದ್ದೇ ಇರಲಿಲ್ಲವೆಂದು ನೀನೇ ಬಾಯಿತಪ್ಪಿ ಹೇಳಿದೆ. ಇಪ್ಪತ್ತೆರಡು ವರ್ಷಗಳಿಂದ ಹೈಸ್ಕೂಲಿನಲ್ಲಿ 'ವಹಿ ಮನೆಯಲ್ಲೇ ಮರೆತುಬಂದೆ' ಎನ್ನುವ ಮಕ್ಕಳ ಮುಖಗಳನ್ನು ನೋಡುತ್ತ ಬಂದವಳಿಗೆ ಇಷ್ಟು ಗೊತ್ತಾಗದೆ ಇದ್ದೀತೇ? ಆ ಹೊತ್ತಿಗೆ ಏನೂ ಅನ್ನಲಿಲ್ಲ. ಹಾಲಿನ ನೆಪ ಹೇಳಿ ಫೋನ್ ಇಟ್ಟೆ.

ನೀನು ಆರಾಧನೆಗೆ ಹೋಗಲಿಲ್ಲವೆಂದು ನನಗೆ ಬೇಸರವಾಗಲಿಲ್ಲ ಎಂದು ಬರೆದರೆ ಅದೂ ಒಂದು ಸುಳ್ಳಾಗುತ್ತದೆ. ಬೇಸರವಾಯಿತು. ಆದರೆ ಅದಕ್ಕಿಂತ ಹೆಚ್ಚಾಗಿ, ಹೋಗಲಿಲ್ಲವೆಂದು ನನಗೆ ಹೇಳಲು ನೀನು ಅಂಜಿದೆಯಲ್ಲ, ಅದು ಎರಡು ರಾತ್ರಿ ನನ್ನ ನಿದ್ದೆ ಕೆಡಿಸಿತು. ದಸರೆಯ ರಜೆಗೆ ಬಂದಾಗ ಹಿತ್ತಲಿನ ಕಟ್ಟೆಯ ಮೇಲೆ ಕುಳಿತು, ನಿನಗೆ ನಂಬಿಕೆ ಇದೆಯೋ ಇಲ್ಲವೋ ನಿನಗೇ ತಿಳಿಯದಾಗಿದೆ ಎಂದು ನೀನು ಹೇಳಿದ್ದೆ. ನಾನು ಆಗ ಸರಿಯಾಗಿ ಕೇಳಿಸಿಕೊಳ್ಳದೆ, ಪರೀಕ್ಷೆಯ ಭಯಕ್ಕೆ ಹಾಗನ್ನಿಸುತ್ತದೆ, ಪ್ರಾರ್ಥನೆ ಮಾಡು, ಹೋಗುತ್ತದೆ ಎಂದುಬಿಟ್ಟೆ. ಜ್ವರಕ್ಕೆ ಮಾತ್ರೆ ಕೊಟ್ಟ ಹಾಗೆ. ಆ ಸಂಜೆ ನಾನು ಹಾಗೆ ಅನ್ನದಿದ್ದರೆ ಈ ಭಾನುವಾರ ನೀನು ಸುಳ್ಳು ಹೇಳುವ ಪ್ರಸಂಗ ಬರುತ್ತಿರಲಿಲ್ಲವೇನೋ.

ನಿನ್ನ ಆ ಮಾತಿಗೆ ಈಗ, ತಡವಾಗಿಯಾದರೂ, ಉತ್ತರ ಬರೆಯುತ್ತಿದ್ದೇನೆ. ಕನ್ನಡದ ಮೇಷ್ಟ್ರಾದ್ದರಿಂದ ಶಬ್ದದಿಂದಲೇ ಶುರು ಮಾಡುತ್ತೇನೆ, ಸಹಿಸಿಕೋ. ನಮ್ಮ ಪ್ರೊಟೆಸ್ಟಂಟ್ ಸಭೆಯಲ್ಲಿ 'ನಂಬಿಕೆ' ಎನ್ನುವುದನ್ನು ನಿನ್ನ ಕಥೊಲಿಕ ಗೆಳತಿಯರ ಕನ್ನಡದಲ್ಲಿ ಹೆಚ್ಚಾಗಿ 'ವಿಶ್ವಾಸ' ಎನ್ನುತ್ತಾರೆ. ಎರಡೂ ಪೇಟೆಯಲ್ಲಿ, ಮನೆಯಲ್ಲಿ ಓಡಾಡುವ ಶಬ್ದಗಳೇ ಹೊರತು ಪೀಠದ ಮೇಲಿಂದ ಇಳಿದುಬಂದವಲ್ಲ. ಕಿರಾಣಿ ಅಂಗಡಿಯವರು ನಂಬಿಕೆಯ ಮೇಲೆ ಉದ್ರಿ ಕೊಡುತ್ತಾರೆ. ಹಳೆಯ ಕಾಗದಗಳ ಕೊನೆಗೆ 'ವಿಶ್ವಾಸವಿರಲಿ' ಎಂದು ಬರೆದು ರುಜು ಹಾಕುತ್ತಿದ್ದರು. ದೇವರಿದ್ದಾನೆ ಎಂಬುದು ಸರಿಯೋ ತಪ್ಪೋ ಎಂದು ಟಿಕ್ ಹಾಕುವ ಪ್ರಶ್ನೆಗೆ ಆ ಶಬ್ದಗಳು ಹುಟ್ಟಿದ್ದಲ್ಲ. ಇಬ್ಬರ ನಡುವಿನ ವ್ಯವಹಾರಕ್ಕೆ, ಬಳಕೆಗೆ ಹುಟ್ಟಿದವು. ಟಿಕ್ ಹಾಕಲಾಗದೆ ನೀನು ಒದ್ದಾಡುತ್ತಿದ್ದರೆ ಒದ್ದಾಡು, ಅದಕ್ಕೆ ನಾನು ಅಡ್ಡ ಬರುವುದಿಲ್ಲ. ಬಳಕೆಯನ್ನು ಮಾತ್ರ ಬಿಡಬೇಡ. ನನ್ನೊಡನೆಯೂ ಬಿಡಬೇಡ.

ನಿನ್ನ ರೂಮಿನ ಹುಡುಗಿ ಬೆಳಗಿನ ಜಾವದಲ್ಲಿ ದೀಪವನ್ನೂ ಹಾಕದೆ ಎದ್ದು, ನಮಾಜು ಮುಗಿಸಿ, ಚಾಪೆ ಮಡಚಿಟ್ಟು ಓದಲು ಕೂರುವುದನ್ನು ಹೊದಿಕೆಯೊಳಗಿನಿಂದ ನೋಡುವಾಗ ನಾಚಿಕೆಯಾಗುತ್ತದೆ ಎಂದು ಹೇಳಿದ್ದೆಯಲ್ಲ. ಆ ನಾಚಿಕೆ ಕೆಟ್ಟದ್ದೇನಲ್ಲ, ಆದರೆ ಅವಳ ಗಡಿಯಾರವನ್ನು ನೋಡಿ ನಿನ್ನ ಮುಳ್ಳನ್ನು ತಿರುಗಿಸಿಕೊಳ್ಳಬೇಡ. ಸಾಧ್ಯವಾದರೆ ಅವಳಿಗೆ ಎಚ್ಚರ ಕೊಡುವುದು ಅಲಾರಮ್ಮೋ ಅಭ್ಯಾಸವೋ ಎಂದು ಒಮ್ಮೆ ಕೇಳಿ ನೋಡು. ನನಗೂ ಕುತೂಹಲವಿದೆ.

ಈಗ ನನ್ನದೊಂದು ಕಥೆ. ನಿನಗೆ ಇದುವರೆಗೆ ಹೇಳಿಲ್ಲ. ಹರಕೆ ಹೊರುವುದು ನಮ್ಮ ಪದ್ಧತಿಯಲ್ಲ ಎಂದು ನಮ್ಮವರು ಬಾಯಿಮಾತಿಗೆ ಹೇಳುತ್ತಾರೆ. ಆದರೆ 1997ರಲ್ಲಿ, ಬಿ.ಎ. ಅಂತಿಮ ವರ್ಷದ ಪರೀಕ್ಷೆಗೆ ಹದಿನೈದು ದಿನ ಇರುವಾಗ ನಾನು ದೇವರೊಡನೆ ಖಡಕ್ಕಾಗಿ ಒಂದು ಕರಾರು ಮಾಡಿಕೊಂಡೆ. ಪ್ರಥಮ ದರ್ಜೆ ಬಂದರೆ ಒಂದು ವರ್ಷ ಸಂಡೇ ಸ್ಕೂಲಿನ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತೇನೆ ಎಂದು. ಫಲಿತಾಂಶ ಬಂತು. ಶೇಕಡಾ 58. ನನ್ನ ಕಡೆಯಿಂದ ಕರಾರು ಸರಿಯಾಗಿಯೇ ಇತ್ತು, ಅತ್ತ ಕಡೆಯವರು ತಪ್ಪಿದರು ಎಂದು ನನಗೆ ಎಷ್ಟು ಸಿಟ್ಟು ಬಂತೆಂದರೆ, ಮರುವಾರದಿಂದ ದೇವಾಲಯಕ್ಕೆ ಹೋಗುವುದನ್ನೇ ನಿಲ್ಲಿಸಿದೆ. ಹಿಸ್ಟರಿ ಪತ್ರಿಕೆಗೆ ನಾನು ಎಷ್ಟು ಕಡಿಮೆ ಓದಿದ್ದೆ ಎಂಬುದು ಆ ಲೆಕ್ಕದಲ್ಲಿ ಬರಲೇ ಇಲ್ಲ.

ನಿನ್ನ ಅಜ್ಜ ಒಂದು ಮಾತೂ ಅನ್ನಲಿಲ್ಲ. ಭಾನುವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಗೂಟದಿಂದ ಕೊಡೆ ತೆಗೆದುಕೊಂಡು, ಕಪಾಟಿನಿಂದ ಎರಡು ಗೀತೆ ಪುಸ್ತಕಗಳನ್ನು ತೆಗೆಯುತ್ತಿದ್ದರು: ಬೆನ್ನಿನ ಹೊಲಿಗೆ ಬಿಚ್ಚಿ ನೀಲಿ ಬಟ್ಟೆಯ ಪಟ್ಟಿ ಅಂಟಿಸಿದ್ದ ಅವರದೊಂದು, ಬೈಂಡಿನ ಮೇಲೆ ನನ್ನ ಹೆಸರಿದ್ದ ನನ್ನದೊಂದು. ಎರಡನ್ನೂ ಕಂಕುಳಲ್ಲಿ ಇಟ್ಟುಕೊಂಡು ಹೋಗುತ್ತಿದ್ದರು. ಹನ್ನೊಂದಕ್ಕೆ ಮರಳಿ ಬಂದು ಎರಡನ್ನೂ ಅದೇ ಜಾಗದಲ್ಲಿ ಇಡುತ್ತಿದ್ದರು. ಇದು ಒಂದು ವಾರವಲ್ಲ, ಎರಡು ವಾರವಲ್ಲ, ಸುಮಾರು ಐದು ತಿಂಗಳು ನಡೆಯಿತು. ಒಂದು ದಿನ ತಡೆಯಲಾರದೆ, ನಾನೇ ಬರದಿರುವಾಗ ನನ್ನ ಪುಸ್ತಕವನ್ನೇಕೆ ಹೊತ್ತು ತಿರುಗುತ್ತೀರಿ ಎಂದು ಕೇಳಿದೆ. ಅವರು ಚಪ್ಪಲಿ ಹಾಕಿಕೊಳ್ಳುತ್ತಲೇ, 'ನೀ ಬರದಿದ್ರ ಏನಾತು, ಪುಸ್ತಕರೆ ಹೋಗಿ ಬರಲಿ ಬಿಡು' ಎಂದರು. ಅಷ್ಟೇ.

ಆ ಮಾತು ಕೇಳಿ ನನಗೆ ಕಣ್ಣೀರು ಬಂತು, ಅಂದೇ ಹಿಂದೆಯೇ ಓಡಿದೆ ಎಂದೆಲ್ಲ ಬರೆದರೆ ಕಥೆ ಚೆನ್ನಾಗಿರುತ್ತಿತ್ತು. ಹಾಗೇನೂ ಆಗಲಿಲ್ಲ, ಸಿಟ್ಟು ಇನ್ನೂ ಸ್ವಲ್ಪ ಹೆಚ್ಚಾಯಿತು. ಡಿಸೆಂಬರಿನಲ್ಲಿ, ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲದ ಎರಡನೆಯ ಭಾನುವಾರ, ಅಜ್ಜನ ಮೊಣಕಾಲು ನೋವು ಜೋರಾಗಿತ್ತು. ದೇವಾಲಯದ ಮೆಟ್ಟಿಲು ಹತ್ತಲು ಅವರಿಗೆ ಒಂದು ಕೈ ಬೇಕಾಗಿತ್ತು. ಹಾಗಾಗಿ ಹೋದೆ. ನನ್ನ ಎಲ್ಲ ಪ್ರಶ್ನೆಗಳನ್ನೂ ಜೊತೆಗೆ ಹೊತ್ತುಕೊಂಡೇ ಹೋದೆ. ಅವುಗಳಲ್ಲಿ ಕೆಲವು ಈಗಲೂ ಪ್ರತಿ ಭಾನುವಾರ ನನ್ನ ಜೊತೆಗೇ ಬಂದು ಬೆಂಚಿನ ಮೇಲೆ ಕೂರುತ್ತವೆ. ಸಂಡೇ ಸ್ಕೂಲಿನ ಪಾಠವನ್ನು ಕರಾರಿಲ್ಲದೆಯೇ ಹದಿನೇಳು ವರ್ಷಗಳಿಂದ ಹೇಳುತ್ತಿದ್ದೇನೆ. ಆ ಶೇಕಡಾ ಎರಡು ಮಾತ್ರ ಇನ್ನೂ ಬಂದಿಲ್ಲ.

ಇದರಿಂದ ನಾನು ಹೇಳಬೇಕೆಂದಿರುವುದು ಇಷ್ಟು. ಬರುವ ವಾರದಿಂದ ಶುರುವಾಗುವ ಪರೀಕ್ಷೆಗೂ ನಿನ್ನ ಪ್ರಾರ್ಥನೆಗೂ ಗಂಟು ಹಾಕಬೇಡ. ಓದದ ಪ್ರಶ್ನೆಗೆ ಕರ್ತನು ಉತ್ತರ ಬರೆಸುವುದಿಲ್ಲ. ಓದಿದ್ದನ್ನು ಮರೆಸಿ ಶಿಕ್ಷಿಸುವುದೂ ಇಲ್ಲ. ನಮ್ಮ ಬಂಧುಗಳ ವಾಟ್ಸ್ಆ್ಯಪ್ ಗುಂಪಿನಲ್ಲಿ, ಈ ವಚನವನ್ನು ಹತ್ತು ಜನರಿಗೆ ಕಳುಹಿಸಿದರೆ ಪರೀಕ್ಷೆಯಲ್ಲಿ ಜಯ ನಿಶ್ಚಯ ಎಂದು ಬರುತ್ತಿದೆಯಲ್ಲ, ಅದನ್ನು ನೋಡಿದರೆ ನನಗೆ ಮೈ ಉರಿಯುತ್ತದೆ. ಸತ್ಯವೇದವನ್ನು ತಾಯತ ಮಾಡಿ ತೋಳಿಗೆ ಕಟ್ಟುವುದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಕಾಲೇಜಿನ ಚಾಪೆಲ್‌ನಲ್ಲಿ ಸಂಜೆ ಸುಮ್ಮನೆ ಹೋಗಿ ಕೂರುತ್ತೇನೆ, ಅಲ್ಲಿ ಯಾರೂ ಏನೂ ಕೇಳುವುದಿಲ್ಲ ಎಂದು ನೀನು ಹೇಳಿದ್ದೂ ನೆನಪಿದೆ. ಸುಣ್ಣ ಬಳಿದ ಗೋಡೆಯ ಎದುರು ಬೆಳೆದ ಬಾಸೆಲ್ ಮಿಷನ್ನಿನ ಪ್ರೊಟೆಸ್ಟಂಟ್ ಮನೆತನದವಳಿಗೆ, ಆ ಚಾಪೆಲ್ ತುಂಬ ಇರುವ ಚಿತ್ರಗಳ ಬಣ್ಣಗಳ ನಡುವೆ ಪ್ರಾರ್ಥನೆ ಬರುತ್ತದೆಯೇ ಎಂದು ಮೊದಲು ನನಗೆ ಸಂಶಯವಿತ್ತು. ನಿನ್ನನ್ನು ಸಂತ ಅಲೋಶಿಯಸ್ ಕಾಲೇಜಿಗೆ ಸೇರಿಸಲು ಬಂದ ದಿನ ನಾನೂ ಕತ್ತು ನೋಯುವವರೆಗೆ ಮೇಲೆ ನೋಡಿದೆ. ಇಟಲಿಯ ಬೆರ್ಗಾಮೊ ಕಡೆಯಿಂದ ಬಂದಿದ್ದ, ಯೇಸುಸಭೆ ಎಂಬ ಕಥೊಲಿಕ ಸನ್ಯಾಸಿ ಸಂಘದ ಬ್ರದರ್ ಆಂಟೋನಿಯೊ ಮೊಸ್ಕೆನಿ 1899ರಲ್ಲಿ ಶುರು ಮಾಡಿ 1901ರ ಹೊತ್ತಿಗೆ ಅದನ್ನೆಲ್ಲ ಬರೆದು ಮುಗಿಸಿದರಂತೆ. ಚಾವಣಿಯಲ್ಲಿರುವುದು ಕ್ಯಾನ್ವಾಸಿನ ತೈಲಚಿತ್ರ; ಗೋಡೆಯದ್ದು ಫ್ರೆಸ್ಕೊ. ಗಾರೆ ಹಸಿಯಾಗಿರುವಾಗಲೇ ಬಣ್ಣ ಹಚ್ಚಬೇಕು, ಒಣಗಿದರೆ ಹಿಡಿಯುವುದಿಲ್ಲ. ಆದ್ದರಿಂದ ಫ್ರೆಸ್ಕೊ ಬರೆಯುವವರು ಆ ದಿನಕ್ಕೆ ಎಷ್ಟು ಬರೆಯಲು ಸಾಧ್ಯವೋ ಅಷ್ಟೇ ಜಾಗಕ್ಕೆ ಬೆಳಿಗ್ಗೆ ಗಾರೆ ಮೆತ್ತುತ್ತಾರೆ. ನಿನ್ನ ಓದಿನ ಟೈಮ್‌ಟೇಬಲ್ ನೋಡಿದೆ. ಒಂದೇ ದಿನದಲ್ಲಿ ನಾಲ್ಕು ಯೂನಿಟ್ ಎಂದು ಬರೆದಿದ್ದೀಯೆ. ಅಷ್ಟು ಗಾರೆ ಮೆತ್ತಬೇಡ.

ಆ ಚಾವಣಿಯ ತುಂಬ ಇರುವ ಹುಡುಗನ ಬಗ್ಗೆಯೂ ಒಂದು ಮಾತು. ನಾವು ಸಂತರಿಗೆ ಪ್ರಾರ್ಥಿಸುವವರಲ್ಲ, ಆದರೆ ಅವರನ್ನು ಅರಿತುಕೊಳ್ಳಬಾರದೆಂದು ಯಾರೂ ಹೇಳಿಲ್ಲ. ಅಲೋಶಿಯಸ್ ಗೊನ್ಜಾಗ ತನ್ನ ಪಾಲಿಗೆ ಬರಬೇಕಾಗಿದ್ದ ಸಂಸ್ಥಾನವನ್ನು ತಮ್ಮನಿಗೆ ಬಿಟ್ಟುಕೊಟ್ಟು ಯೇಸುಸಭೆ ಸೇರಿದವನು. 1591ರಲ್ಲಿ, ರೋಮಿನಲ್ಲಿ ಸಾಂಕ್ರಾಮಿಕ ಹರಡಿದಾಗ ರೋಗಿಗಳ ಆರೈಕೆಗೆ ನಿಂತು, ಅದೇ ರೋಗ ತಗಲಿ, 23ನೆಯ ವಯಸ್ಸಿಗೆ ತೀರಿಕೊಂಡ. ಆಗ ಅವನು ಪಾದ್ರಿಯೂ ಆಗಿರಲಿಲ್ಲ. ಧರ್ಮಶಾಸ್ತ್ರ ಓದುತ್ತಿದ್ದ ವಿದ್ಯಾರ್ಥಿ. ಅವನು ಓದು ಮುಗಿಸಲಿಲ್ಲ ಎಂಬುದನ್ನು ನಾನು ಆ ದಿನ ನಿನಗೆ ಬೇಕೆಂದೇ ಹೇಳಲಿಲ್ಲ, ನೆಪ ಮಾಡಿಕೊಳ್ಳುತ್ತೀಯೆ ಎಂದು. ಈಗ ಹೇಳುತ್ತಿದ್ದೇನೆ, ಏಕೆಂದರೆ ಡಿಗ್ರಿಯ ಅಂಕಪಟ್ಟಿಯನ್ನು ನಿನ್ನ ಅಪ್ಪ ಮತ್ತು ನಾನು ಎಷ್ಟು ದೊಡ್ಡದು ಮಾಡಿದ್ದೇವೋ ಅಷ್ಟು ದೊಡ್ಡದಲ್ಲ ಅದು ಎಂದು ನಿನ್ನ ಕಾಲೇಜಿನ ಗೋಡೆಗಳೇ ಹೇಳುತ್ತಿವೆ.

ಚಾಪೆಲ್‌ನಲ್ಲಿ ಕೂರು. ಕಣ್ಣು ಮುಚ್ಚಿದರೂ ಸರಿ, ಮೇಲೆ ನೋಡುತ್ತ ಕುಳಿತರೂ ಸರಿ, ಮಾತು ಬರದಿದ್ದರೂ ಸರಿ. ಬಲ್ಮಠಕ್ಕೆ ಹೋಗಬೇಕೆನ್ನಿಸಿದರೆ ಹೋಗು. ಅದು ನಿನ್ನ ಕಾಲೇಜಿನ ಗುಡ್ಡದಿಂದ ಹೆಚ್ಚು ದೂರವಿಲ್ಲ. ನಮ್ಮ ಮನೆಯ ಕಪಾಟಿನಲ್ಲಿರುವ ಕಿಟೆಲ್ ನಿಘಂಟು 1894ರಲ್ಲಿ ಅಚ್ಚಾದದ್ದು ಅದೇ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ. ಹೋಗದಿದ್ದರೆ, ಹೋಗಲಿಲ್ಲ ಅವ್ವಾ, ಓದುತ್ತಿದ್ದೆ ಎಂದು ಹೇಳು. ಹಾಗೆ ಹೇಳಿದ ದಿನ ನಾನು ಒಂದೆರಡು ನಿಮಿಷ ಸುಮ್ಮನಾಗಬಹುದು. ಫೋನ್ ಇಡಬೇಡ, ಮತ್ತೆ ಮಾತಿಗೆ ಬರುತ್ತೇನೆ.

ಇನ್ನು ಉಳಿದ ಸುದ್ದಿ. ಹಾಲ್ ಟಿಕೆಟ್ಟಿನ ಜೆರಾಕ್ಸ್ ಒಂದು ಬ್ಯಾಗಿನಲ್ಲಿ ಬೇರೆಯಾಗಿ ಇಟ್ಟುಕೋ. ರೆಕಾರ್ಡಿಗೆ ಮೇಡಂ ಸಹಿ ಇನ್ನೂ ಆಗಿಲ್ಲವೆಂದಿದ್ದೆ, ಸೋಮವಾರವೇ ಮುಗಿಸು. ಕ್ರಿಸ್ಮಸ್ ಕರ್ಚಿಕಾಯಿಗೆ ಒಣಕೊಬ್ಬರಿ ತಂದಿಟ್ಟಿದ್ದೇನೆ, ನೀನು ಬಂದ ಮೇಲೆಯೇ ಕರಿಯುವುದು. ಅಲ್ಲಿಯವರು ನೆವ್ರಿ ಎನ್ನುವುದೂ ಇದೇ ಜಾತಿಯದಂತೆ, ನಿನ್ನ ಗೆಳತಿಯ ಮನೆಯಿಂದ ನಾಲ್ಕು ತಂದರೆ ಹೋಲಿಸಿ ನೋಡೋಣ. ಕೊನೆಯ ಪೇಪರ್ ಮುಗಿದ ರಾತ್ರಿಯೇ ಹುಬ್ಬಳ್ಳಿ ಬಸ್ಸಿಗೆ ಅಪ್ಪ ಸೀಟು ಬುಕ್ ಮಾಡಿದ್ದಾರೆ. ಅಂಕೋಲೆ ದಾಟಿ ಅರಬೈಲು ಘಟ್ಟ ಹತ್ತುವಾಗ ನಿನಗೆ ಹೊಟ್ಟೆ ತೊಳೆಸುತ್ತದೆ. ಕೈಚೀಲದಲ್ಲಿ ಒಂದು ನಿಂಬೆಹಣ್ಣು ಇರಲಿ.

ಮತ್ತೊಂದು. ನಿನ್ನ ಗೀತೆ ಪುಸ್ತಕ ಇಲ್ಲಿಯೇ ಉಳಿದಿದೆ. ಅದರ ಧೂಳು ಒರೆಸಿದ್ದೇನೆ.

ವಿಶ್ವಾಸವಿರಲಿ.

ನಿನ್ನ ಅವ್ವ