ಮಾರ್ಚ್ 31ರ ಚಿಂತೆ

ಚಿ. ಸೌ. ವೀಣಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮನೆಯ ಸುದ್ದಿಯೆಲ್ಲ ಅಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಅದನ್ನು ಬಿಡುತ್ತೇನೆ. ನಿನ್ನ ಕಾಗದದ ಕೊನೆಯ ಸಾಲು ನನ್ನ ನಿದ್ದೆ ಕೆಡಿಸಿದೆ. ಜನವರಿ ಮಧ್ಯಕ್ಕೆ ಹೆರಿಗೆ, ಮಾರ್ಚ್ 31ಕ್ಕೆ ಕಾಂಟ್ರಾಕ್ಟ್ ಮುಗಿಯುತ್ತೆ, ಬಸುರಿ ಅಂತ ಹೇಳಿದರೆ ರಿನ್ಯೂ ಮಾಡಲ್ಲ, ಅದಕ್ಕೇ ಆಫೀಸಿನಲ್ಲಿ ಬಾಯಿಬಿಟ್ಟಿಲ್ಲ ಅಂದಿದ್ದೀಯ.

ಬಾಯಿಬಿಡದಿದ್ದರೆ ನಷ್ಟ ನಿನಗೇ ಕಣೇ. ಬಸುರಿಯನ್ನು ಕೆಲಸದಿಂದ ತೆಗೆದರೂ ಹೆರಿಗೆ ರಜೆಯ ಹಣ ತಪ್ಪಿಸುವ ಹಾಗಿಲ್ಲ ಅಂತ 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲೇ ಇತ್ತು, 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೆ. ಆದರೆ ಅವರಿಗೆ ಗೊತ್ತಿತ್ತು ಅನ್ನೋದಕ್ಕೆ ನಿನ್ನ ಕೈಯಲ್ಲಿ ಕಾಗದ ಬೇಕು. ಮ್ಯಾನೇಜರ್ ಹತ್ತಿರ ಕಾಫಿ ಕುಡೀತಾ ಹೇಳಿದ್ದು ಲೆಕ್ಕಕ್ಕಿಲ್ಲ. ಎಚ್‌ಆರ್‌ಗೆ ಮೇಲ್ ಹಾಕು, ನಿನ್ನ ಸ್ವಂತ ಮೇಲ್‌ಗೂ ಒಂದು ಪ್ರತಿ ಹೋಗಲಿ. ಡಾಕ್ಟರು ಬರೆದ ಹೆರಿಗೆ ದಿನಾಂಕದ ಚೀಟಿ, ರಜೆ ಶುರುವಾಗುವ ದಿನ, ಆ ಅವಧಿಯಲ್ಲಿ ಬೇರೆಲ್ಲೂ ದುಡಿಯುವುದಿಲ್ಲ ಅನ್ನೋ ಮಾತು, ಹಣ ನಿನಗೆ ಕೊಡಬೇಕೋ ನೀನು ಹೆಸರಿಸಿದವರಿಗೋ ಅನ್ನೋದು, ಇಷ್ಟಿದ್ದರೆ ಸಾಕು.

ಮತ್ತೆ ಆ ಮಾರ್ಚ್ 31. 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಇಂಥದ್ದೇ ಕರಾರಿನ ನೌಕರಿಯ ವಿಷಯದಲ್ಲಿ, ಕರಾರು ನಡುವೆ ಮುಗಿದರೂ ಹೆರಿಗೆ ಸೌಲಭ್ಯ ಪೂರ್ತಿ ಸಲ್ಲಬೇಕು ಅಂದಿತು. ಅಂದರೆ 26 ವಾರದ ಹಣ ಮಾರ್ಚ್ 31ಕ್ಕೆ ನಿಲ್ಲಕೂಡದು. ಕರಾರನ್ನು ಮುಂದುವರಿಸಲೇಬೇಕು ಅಂತ ಮಾತ್ರ ಆ ತೀರ್ಪು ಹೇಳುವುದಿಲ್ಲ. ಇದನ್ನು ಮುಚ್ಚಿಟ್ಟು ನಿನಗೆ ಸುಳ್ಳು ಧೈರ್ಯ ತುಂಬಲಾರೆ.

ನಮ್ಮ ಕಾಲದಲ್ಲಿ ರಜೆ ಇದ್ದದ್ದೇ 12 ವಾರ, ಅದು 26 ಆದದ್ದು 2017ರಲ್ಲಿ. ಕೂಸಿನ ಕತ್ತು ನಿಲ್ಲುವ ಮುಂಚೆಯೇ ಹಾಜರಿ ಪುಸ್ತಕಕ್ಕೆ ಸಹಿ ಹಾಕಬೇಕಿತ್ತು. ಆಗದೆ ರಾಜೀನಾಮೆ ಬರೆದುಕೊಟ್ಟು ಹೋದವರ ಮುಖ ಈಗಲೂ ಕಣ್ಣಿಗೆ ಕಟ್ಟುತ್ತದೆ. ಅದಕ್ಕೇ ಹೇಳುವುದು, "ಈಗ ರಾಜೀನಾಮೆ ಕೊಡಿ, ಆಮೇಲೆ ಮತ್ತೆ ತಗೊಳ್ತೀವಿ" ಅಂದರೆ ಸಹಿ ಹಾಕಬೇಡ. ತೆಗೆದುಹಾಕಿದವಳಿಗೆ ಇರುವ ರಕ್ಷಣೆ ತಾನಾಗಿ ಬಿಟ್ಟವಳಿಗೆ ಸಿಗುವುದು ಬಲು ಕಷ್ಟ.

ನಿನ್ನ ಭಯ ಸುಮ್ಮಸುಮ್ಮನೆ ಹುಟ್ಟಿದ್ದಲ್ಲ. ತಿಂಗಳ ಸಂಬಳ 21,000ದ ಒಳಗಿದ್ದು ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ, ಇದ್ದರೆ ಹಣ ಅಲ್ಲಿಂದ ಬರುತ್ತದೆ. ಅದಕ್ಕಿಂತ ಹೆಚ್ಚು ಸಂಬಳದ ನಿನ್ನಂಥವರ 26 ವಾರದ ಭಾರವೆಲ್ಲ ಕಂಪನಿಯ ತಲೆಗೇ. ಸರ್ಕಾರ ಅದರಲ್ಲಿ ಪಾಲು ಹೊರದೆ ಇರುವತನಕ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳೋಕೆ ಹಿಂಜರಿಯುವವರು ಇದ್ದೇ ಇರುತ್ತಾರೆ. ಅಪ್ಪನಾಗುವವನಿಗೆ ಕೇಂದ್ರ ಸರ್ಕಾರಿ ನೌಕರಿಯಲ್ಲಾದರೆ 15 ದಿನ ರಜೆಯುಂಟು, ಖಾಸಗಿಯಲ್ಲಿ ಕಂಪನಿ ಕೊಟ್ಟರೆ ಉಂಟು. ರಜೆ ಬೇಡುವವಳು ಹೆಂಗಸೊಬ್ಬಳೇ ಅನ್ನಿಸುವುದು ಇದರಿಂದಲೇ.

ಇನ್ನೊಂದೆರಡು ಮಾತು, ಬೇಜಾರು ಮಾಡ್ಕೋಬೇಡ. ಹೆರಿಗೆಯ ದಿನಾಂಕಕ್ಕೆ ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಆಗಿರಬೇಕು, ನಿನಗದು ಆಗಿದೆ. ರಜೆಯನ್ನು ಹೆರಿಗೆಗೆ 8 ವಾರ ಮುಂಚೆಯಿಂದಲೂ ತೆಗೆದುಕೊಳ್ಳಬಹುದು, ಆದರೆ ಮೈಯಲ್ಲಿ ಶಕ್ತಿಯಿದ್ದರೆ ಆದಷ್ಟನ್ನು ಬಾಣಂತನಕ್ಕೆ ಉಳಿಸಿಕೋ. ಹೆರಿಗೆಗೆ ಮುಂಚಿನ ವಾರಗಳ ಹಣ ಮುಂಗಡವಾಗಿ ಬರಬೇಕು, ಉಳಿದದ್ದು ಹೆರಿಗೆಯ ದಾಖಲೆ ಕೊಟ್ಟ 48 ಗಂಟೆಯೊಳಗೆ. ರಜೆಗೆ ಹಿಂದಿನ ಮೂರು ತಿಂಗಳ ಸಂಬಳದ ಮೇಲೆ ಲೆಕ್ಕ, ಆ ಪೇಸ್ಲಿಪ್‌ಗಳನ್ನು ಇಳಿಸಿಟ್ಟುಕೋ. ಕೊಡದಿದ್ದರೆ ಕಾರ್ಮಿಕ ಇಲಾಖೆಗೆ ದೂರು ಕೊಡಬಹುದು, ಬೆಂಗಳೂರಿನಲ್ಲಿ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನ. ಅಲ್ಲಿಯತನಕ ಹೋಗದಿರಲಿ.

ಮೇಲ್ ಕಳಿಸುವ ಮೊದಲು ನನಗೊಮ್ಮೆ ಓದಿ ಹೇಳು. ಕಾಂಟ್ರಾಕ್ಟಿನ ಎಲ್ಲ ಪುಟಗಳ ಫೋಟೋ ಕಳಿಸು, ಮಾರ್ಚ್ 31ರ ಬಗ್ಗೆ ಅದರಲ್ಲಿ ನಿಜಕ್ಕೂ ಏನಿದೆ ಅಂತ ನೋಡಬೇಕು.

ನಿನ್ನ ದೊಡ್ಡಮ್ಮ